ಮೊದಲು ಆಡಬೇಕಾದ ಕುರ್ಚಿಯಲ್ಲಿ ಯಾವ ಎಲೆ ಹಿಡಿಯಬೇಕು?

ಟೆಕ್ಸಸ್ ಹೋಲ್ಡೆಮ್ ಪೋಕರ್‌ನಲ್ಲಿ ಕೈಗೆ ಬಂದ ಎರಡು ಎಲೆಗಳನ್ನಷ್ಟೇ ನೋಡಿ ಆಟಕ್ಕಿಳಿಯುವವರನ್ನು ಬಹಳ ಕಾಲದಿಂದ ಗಮನಿಸುತ್ತ ಬಂದಿದ್ದೇನೆ. ನೋಡಲು ಚೆನ್ನಾಗಿರುವ ಎಲೆಗಳನ್ನು ತಪ್ಪು ಕುರ್ಚಿಯಲ್ಲಿ ಕುಳಿತು ಆಡಿದಾಗಲೇ ಅವರ ಚಿಪ್ಸ್ ಹೆಚ್ಚಾಗಿ ಕರಗುತ್ತವೆ. ಫ್ಲಾಪ್ (ಮೇಜಿನ ಮೇಲೆ ಎಲ್ಲರಿಗೂ ಸೇರಿ ತೆರೆಯುವ ಮೊದಲ ಮೂರು ಎಲೆ) ಬಿದ್ದ ಮೇಲೆ ಎದುರಾಳಿಗಿಂತ ಮೊದಲು ನಿರ್ಧಾರ ಹೇಳಬೇಕಾದ ಸ್ಥಿತಿಯನ್ನು ‘ಔಟ್ ಆಫ್ ಪೊಸಿಷನ್’ ಎನ್ನುತ್ತಾರೆ. ನಿಮ್ಮ ನಡೆಯನ್ನು ನೋಡಿಕೊಂಡು ತನ್ನ ನಡೆ ಇಡುವ ಅನುಕೂಲ ಫ್ಲಾಪ್, ಟರ್ನ್ (ನಾಲ್ಕನೆಯ ಎಲೆ), ರಿವರ್ (ಐದನೆಯ ಎಲೆ) ಮೂರರಲ್ಲೂ ಎದುರಾಳಿಗೇ ಇರುತ್ತದೆ.

ಹಂತ 1: ಎಲೆ ಎತ್ತುವ ಮೊದಲು ಡೀಲರ್ ಬಟನ್ (ಫ್ಲಾಪ್ ನಂತರ ಕೊನೆಗೆ ಆಡುವವರ ಮುಂದಿಡುವ ಗುರುತು) ಎಲ್ಲಿದೆ, ರೇಸ್ ಮಾಡಿದವರು, ಅಂದರೆ ಬೆಟ್ ಏರಿಸಿದವರು, ನಿಮ್ಮ ನಂತರ ಆಡುವವರೇ ಎಂಬುದನ್ನು ನೋಡಿಕೊಳ್ಳಿ.

ಹಂತ 2: ಕಾಲ್ ಮಾಡಲು, ಅಂದರೆ ಎದುರಾಳಿಯ ಬೆಟ್‌ಗೆ ಸರಿಗಟ್ಟಲು, ತಗಲುವ ಬೆಲೆಯನ್ನು ಲೆಕ್ಕ ಹಾಕಿ. ಬ್ಲೈಂಡ್‌ಗಳು, ಅಂದರೆ ಬಟನ್‌ನ ನಂತರದ ಇಬ್ಬರು ಎಲೆ ನೋಡುವ ಮೊದಲೇ ಹಾಕಬೇಕಾದ ಕಡ್ಡಾಯ ಮೊತ್ತಗಳು, 50 (ಸ್ಮಾಲ್) ಮತ್ತು 100 (ಬಿಗ್) ಎಂದಿಟ್ಟುಕೊಳ್ಳೋಣ. ಒಬ್ಬರು 250ಕ್ಕೆ ರೇಸ್ ಮಾಡಿ ಉಳಿದವರೆಲ್ಲ ಫೋಲ್ಡ್ ಮಾಡಿದರೆ (ಎಲೆ ಬಿಟ್ಟರೆ), ಬಿಗ್ ಬ್ಲೈಂಡ್‌ನಲ್ಲಿರುವ ನಿಮ್ಮ ಮುಂದೆ 400 ಚಿಪ್ಸ್‌ನ ಪಾಟ್ (ಗೆದ್ದವರಿಗೆ ಸೇರುವ ಒಟ್ಟು ಮೊತ್ತ) ಇರುತ್ತದೆ. ನೀವು ಸೇರಿಸಬೇಕಾದದ್ದು 150, ಅಂದರೆ ಒಟ್ಟು 550ರಲ್ಲಿ ಸುಮಾರು 27 ಶೇಕಡಾ. ನಷ್ಟವಾಗದಿರಲು ಕನಿಷ್ಠ ಅಷ್ಟು ಸಲ ಗೆಲ್ಲಬೇಕು. ಅದೇ ರೇಸ್‌ಗೆ ಸ್ಮಾಲ್ ಬ್ಲೈಂಡ್‌ನವರು 200 ಹಾಕಬೇಕು, 33 ಶೇಕಡಾ ಗೆಲುವು ಬೇಕು. ಅದರ ಮೇಲೆ ಬಿಗ್ ಬ್ಲೈಂಡ್‌ನವರು ಮರುರೇಸ್ ಮಾಡುವ ಭಯವೂ ಇದೆ. ‘ಹೇಗೂ ಅರ್ಧ ಬ್ಲೈಂಡ್ ಹಾಕಿಯಾಗಿದೆ’ ಎಂದು ಅಲ್ಲಿಂದ ಕಾಲ್ ಮಾಡುವುದು ನಾನು ಕಂಡಿರುವ ಅತಿ ಸಾಮಾನ್ಯ ತಪ್ಪು. ಸ್ಮಾಲ್ ಬ್ಲೈಂಡ್‌ನಲ್ಲಿ ಮರುರೇಸ್ ಮಾಡಿ, ಇಲ್ಲವೇ ಎಲೆ ಬಿಟ್ಟುಬಿಡಿ. ನಡುವಿನ ದಾರಿಯನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಗೆಲುವಿನ ಶೇಕಡಾವಾರು ತೋರಿಸುವ ಆ್ಯಪ್‌ಗಳನ್ನು ಈ ಹಂತದಲ್ಲಿ ನಂಬಿ ಕೂರಬೇಡಿ. ಐದು ಎಲೆಗಳೂ ಒಂದು ಚಿಪ್ ಖರ್ಚಿಲ್ಲದೆ ಬಿದ್ದರೆ ಏನಾಗುತ್ತದೆ ಎಂಬುದನ್ನಷ್ಟೇ ಅವು ಹೇಳುತ್ತವೆ. ಮೊದಲು ಆಡುವವರನ್ನು ಟರ್ನ್‌ನಲ್ಲೋ ರಿವರ್‌ನಲ್ಲೋ ದೊಡ್ಡ ಬೆಟ್ ಹಾಕಿ ಹೊರಗಟ್ಟುವುದು ಸುಲಭವಾದ್ದರಿಂದ, ಆ್ಯಪ್ 35 ಶೇಕಡಾ ಎಂದ ಕೈ ನಿಜವಾದ ಆಟದಲ್ಲಿ ಅಷ್ಟನ್ನು ಗಳಿಸಿಕೊಡುವುದಿಲ್ಲ.

ಹಂತ 3: ಕೈಯನ್ನು ಆರಿಸಿ. ಎಲ್ಲರೂ ಎಡವುವುದು ಇಲ್ಲಿಯೇ. ‘ನನ್ನ ಎಲೆ ಎಷ್ಟು ದೊಡ್ಡದು’ ಎಂದು ಕೇಳಿಕೊಳ್ಳುವ ಬದಲು ‘ಫ್ಲಾಪ್‌ನಲ್ಲಿ ಜೋಡಿ ಕೂಡಿದರೆ ನನಗೆ ನೆಮ್ಮದಿಯಾಗುತ್ತದೆಯೇ’ ಎಂದು ಕೇಳಿಕೊಳ್ಳಿ.

ಉದಾಹರಣೆಗೆ, ಬಿಗ್ ಬ್ಲೈಂಡ್‌ನಲ್ಲಿರುವ ನಿಮಗೆ ಬೇರೆ ಬೇರೆ ಬಣ್ಣದ (ಹಾರ್ಟ್, ಸ್ಪೇಡ್ ಮುಂತಾದ ಗುರುತಿನ) ರಾಜ ಮತ್ತು ಗುಲಾಮ ಬಂದಿವೆ. ಒಂಬತ್ತು ಜನರ ಮೇಜಿನಲ್ಲಿ ಫ್ಲಾಪ್‌ಗೆ ಮುಂಚಿನ ಸುತ್ತಿನಲ್ಲಿ ಎಲ್ಲರಿಗಿಂತ ಮೊದಲು ಆಡುವ ಕುರ್ಚಿಯಿಂದ, ಅಂದರೆ ಗಟ್ಟಿ ಎಲೆಗಳಿಲ್ಲದೆ ಯಾರೂ ಕೈ ಹಾಕದ ಜಾಗದಿಂದ, 250ರ ರೇಸ್ ಬಂದಿದೆ. ನೀವು 150 ಹಾಕಿ ಕಾಲ್ ಮಾಡುತ್ತೀರಿ. ಫ್ಲಾಪ್‌ನಲ್ಲಿ ರಾಜ, ಎಂಟು, ಐದು. ನೀವು ಚೆಕ್ ಮಾಡುತ್ತೀರಿ (ಬೆಟ್ ಹಾಕದೆ ಸರದಿ ಬಿಟ್ಟುಕೊಡುತ್ತೀರಿ), ಅವರು 300 ಹಾಕುತ್ತಾರೆ, ನೀವು ಕಾಲ್. ಟರ್ನ್‌ನಲ್ಲಿ ಅವರು 700, ನೀವು ಮತ್ತೆ ಕಾಲ್. ರಿವರ್‌ನಲ್ಲಿ 1,600. ರಾಜನ ಜೋಡಿಯನ್ನು ಬಿಡಲು ಮನಸ್ಸಾಗದೆ ಅದನ್ನೂ ಕೊಟ್ಟರೆ, ಎದುರಿಗೆ ತೆರೆದುಕೊಳ್ಳುವುದು ಬಹಳ ಸಲ ಎಕ್ಕ ಮತ್ತು ರಾಜ. 150ಕ್ಕೆ ಕೊಂಡ ಕೈ 2,750 ನುಂಗಿರುತ್ತದೆ. ಎಕ್ಕ-ರಾಜದ ಎದುರು ರಾಜ-ಗುಲಾಮ ಗೆಲ್ಲುವುದು ನಾಲ್ಕರಲ್ಲಿ ಸುಮಾರು ಒಂದು ಸಲ ಮಾತ್ರ. ಅದಕ್ಕಿಂತ ಮುಖ್ಯವಾಗಿ, ನೀವು ಮುಂದಿರುವಾಗ ಎದುರಾಳಿ ಚೆಕ್ ಮಾಡಿ ಪಾಟನ್ನು ಚಿಕ್ಕದಾಗಿಡುತ್ತಾರೆ, ಹಿಂದಿರುವಾಗ ದೊಡ್ಡದು ಮಾಡುತ್ತಾರೆ. ಕೊನೆಯ ಮಾತು ಅವರದಾಗಿರುವುದರಿಂದ ಇದು ಅವರಿಗೆ ಸಾಧ್ಯವಾಗುತ್ತದೆ.

ಅದೇ ಎರಡು ಎಲೆಗಳು ಬಟನ್‌ನವರ ರೇಸ್ ಎದುರು ಕಾಲ್‌ಗೆ ಯೋಗ್ಯವೇ, ಏಕೆಂದರೆ ಬಟನ್‌ನಿಂದ ದುರ್ಬಲ ಕೈಗಳೂ ಬರುತ್ತವೆ. ಯಾರು, ಯಾವ ಕುರ್ಚಿಯಿಂದ ರೇಸ್ ಮಾಡಿದರು ಎಂದು ಹೇಳದ ‘ಆಡಬಹುದಾದ ಕೈಗಳ ಪಟ್ಟಿ’ಗಳು ಆದ್ದರಿಂದಲೇ ನಿರುಪಯುಕ್ತ, ಅವನ್ನು ಬಾಯಿಪಾಠ ಮಾಡಬೇಡಿ.

ಒಂದೇ ಬಣ್ಣದ ಆರು-ಏಳು ನೋಡಲು ಬಡಕಲಾಗಿ ಕಂಡರೂ ಬಿಗ್ ಬ್ಲೈಂಡ್‌ನಿಂದ ಆಡಲು ಸರಳ, ಏಕೆಂದರೆ ಫ್ಲಾಪ್ ತಪ್ಪಿದರೆ ಅದನ್ನು ಬಿಡಲು ಮನಸ್ಸು ಒದ್ದಾಡುವುದಿಲ್ಲ. ಹಾಗೆಂದು ಬಣ್ಣ ಒಂದೇ ಎಂಬ ಕಾರಣಕ್ಕೆ ರಾಣಿ-ಮೂರನ್ನು ಹಿಡಿಯಬೇಡಿ: ಫ್ಲಾಪ್‌ನಲ್ಲೇ ಫ್ಲಶ್ (ಒಂದೇ ಬಣ್ಣದ ಐದು ಎಲೆ) ಕೂಡುವುದು ನೂರರಲ್ಲಿ ಒಂದು ಸಲಕ್ಕಿಂತಲೂ ಕಡಿಮೆ, ನಾಲ್ಕು ಎಲೆ ಕೂಡುವುದು ಸುಮಾರು ಹನ್ನೊಂದು ಸಲ. ಸಣ್ಣ ಜೋಡಿಗಳಿಗೆ ಫ್ಲಾಪ್‌ನಲ್ಲಿ ಮೂರನೆಯ ಎಲೆ ಸಿಗುವುದು ಸುಮಾರು 12 ಶೇಕಡಾ. ಹೀಗಾಗಿ ಕಾಲ್‌ನ ಕನಿಷ್ಠ ಇಪ್ಪತ್ತು ಪಟ್ಟು ಚಿಪ್ಸ್ ನಿಮ್ಮಲ್ಲೂ ಎದುರಾಳಿಯಲ್ಲೂ ಇಲ್ಲದಿದ್ದರೆ ನಾನು ಅವನ್ನು ಕಾಲ್ ಮಾಡುವುದಿಲ್ಲ.

ಹಂತ 4: ಮರುರೇಸ್ ಮಾಡುವುದಾದರೆ ದೊಡ್ಡದಾಗಿ ಮಾಡಿ. ಕೊನೆಗೆ ಆಡುವವರಿಗೆ ಮೂರು ಪಟ್ಟು ಸಾಕು. ನಿಮಗೆ ನಾಲ್ಕು ಪಟ್ಟು ಬೇಕು, ಅಂದರೆ 250ರ ಎದುರು 1,000. ಅದಕ್ಕಿಂತ ಕಡಿಮೆಯಾದರೆ ಎದುರಾಳಿ ತನ್ನ ಅನುಕೂಲವನ್ನು ಅಗ್ಗಕ್ಕೆ ಉಳಿಸಿಕೊಂಡು ಫ್ಲಾಪ್ ನೋಡುತ್ತಾರೆ. ನಿಮ್ಮಲ್ಲಿ ಹತ್ತು ಬಿಗ್ ಬ್ಲೈಂಡ್‌ಗಳಷ್ಟೇ ಉಳಿದಿದ್ದರೆ ನಿರ್ಧಾರ ಆಲ್-ಇನ್ (ಇರುವ ಚಿಪ್ಸ್ ಎಲ್ಲವನ್ನೂ ಹಾಕುವುದು) ಅಥವಾ ಫೋಲ್ಡ್‌ಗೆ ಬಂದು ನಿಲ್ಲುತ್ತದೆ; ಫ್ಲಾಪ್ ನಂತರ ಆಡುವ ಮಾತೇ ಇಲ್ಲದ್ದರಿಂದ ಕುರ್ಚಿಯ ಚಿಂತೆಯೂ ಕಡಿಮೆಯಾಗುತ್ತದೆ.

ಹಂತ 5: ಕಾಲ್ ಮಾಡಿ ಫ್ಲಾಪ್ ನೋಡಿದ್ದರೆ, ರೇಸ್ ಮಾಡಿದವರಿಗೆ ಚೆಕ್ ಮಾಡಿ. ಗಟ್ಟಿ ಕೈ ಇದ್ದಾಗಲೂ ಚೆಕ್ ಮಾಡಿ. ದುರ್ಬಲ ಕೈಗಳಲ್ಲಿ ಮಾತ್ರ ಚೆಕ್ ಮಾಡುವವರನ್ನು ಗಮನವಿಟ್ಟು ಆಡುವ ಎದುರಾಳಿ ಅರ್ಧ ಗಂಟೆಯಲ್ಲಿ ಓದಿಬಿಡುತ್ತಾರೆ. ಒಂದು ಬೆಟ್‌ಗೆ ಕಾಲ್ ಮಾಡುವ ಮುನ್ನವೇ ಟರ್ನ್‌ನಲ್ಲಿ ಇನ್ನೊಂದು ಬೆಟ್ ಬಂದರೆ ಏನು ಮಾಡುತ್ತೀರಿ ಎಂಬುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಉತ್ತರ ಸಿಗದಿದ್ದರೆ ಫ್ಲಾಪ್‌ನಲ್ಲೇ ಎಲೆ ಬಿಡಿ.

ಇಬ್ಬರೇ ಆಡುವಾಗ ಬಟನ್‌ನವರೇ ಸ್ಮಾಲ್ ಬ್ಲೈಂಡ್ ಹಾಕಿ, ಫ್ಲಾಪ್ ನಂತರ ಕೊನೆಗೆ ಆಡುತ್ತಾರೆ. ಎರಡನೆಯ ಹಂತದಲ್ಲಿ ಸ್ಮಾಲ್ ಬ್ಲೈಂಡ್ ಕುರಿತು ಹೇಳಿದ್ದು ಆ ಆಟಕ್ಕೆ ಅನ್ವಯಿಸುವುದಿಲ್ಲ.