ಡೇರಿ ಲೆಕ್ಕಕ್ಕೆ ಕೀ ಆರಿಸಿದ್ದು ಹೀಗೆ

ಹಾಲು ಉತ್ಪಾದಕರ ಸಂಘಗಳ ಲೆಕ್ಕಕ್ಕೆ ಡೇಟಾಬೇಸ್ ಮಾಡುವಾಗ ನಾನು ಮೊದಲು ಕೈ ಹಾಕಿದ್ದು ಸದಸ್ಯರ ಟೇಬಲ್ಲಿಗೆ. ಡೇರಿಯಲ್ಲಿ ಪ್ರತಿಯೊಬ್ಬರಿಗೂ ಒಂದು ನಂಬರ್ ಇರುತ್ತದೆ. ಆದರೆ 27ನೇ ನಂಬರ್ ಈ ಊರಲ್ಲೂ ಇದೆ, ಪಕ್ಕದ ಊರಲ್ಲೂ ಇದೆ. ಸಂಘದ ಕೋಡ್ ಮತ್ತು ಸದಸ್ಯರ ನಂಬರ್ ಎರಡೂ ಸೇರಿದರೆ ಮಾತ್ರ ಯಾರೆಂದು ಖಚಿತವಾಗುತ್ತದೆ. ಟೇಬಲ್ಲಿನ ಒಂದು ಸಾಲನ್ನು ಖಚಿತವಾಗಿ ಗುರುತಿಸುವುದು ಕೀ, ಹೀಗೆ ಹಲವು ಕಾಲಂ ಸೇರಿ ಆಗುವುದೇ ಕಾಂಪೊಸಿಟ್ ಕೀ. ಹೆಸರಿನ ತಂಟೆಗೆ ಹೋಗಲಿಲ್ಲ. ಒಂದೊಂದು ಊರಲ್ಲಿ ಎಷ್ಟು ಜನ ಮಂಜುನಾಥರು, ಅಲ್ವಾ? ಫೋನ್ ನಂಬರೂ ಬೇಡ ಅಂದೆ. ಕೆಲವರಿಗೆ ಫೋನೇ ಇಲ್ಲ, ಟೇಬಲ್ಲಿನ ಮುಖ್ಯ ಕೀ, ಅಂದರೆ ಪ್ರೈಮರಿ ಕೀಯ ಯಾವ ಕಾಲಂ ಕೂಡ ಖಾಲಿ ಇರುವಂತಿಲ್ಲ.

ನಿಜವಾದ ಕೆಲಸ ಇದ್ದದ್ದು ದಿನದ ಹಾಲಿನ ಟೇಬಲ್ಲಿನಲ್ಲಿ. ಸಂಘ, ಸದಸ್ಯರ ನಂಬರ್, ದಿನಾಂಕ, ಹೊತ್ತು (ಬೆಳಿಗ್ಗೆಯೋ ಸಂಜೆಯೋ) ಇಷ್ಟಿದ್ದರೆ ಕೀಗೆ ಸಾಕೇ? ಇದಕ್ಕೆ ಉತ್ತರ ಕಂಪ್ಯೂಟರ್ ಮುಂದೆ ಸಿಗುವುದಿಲ್ಲ. ಡೇರಿ ಸೆಕ್ರೆಟರಿಯವರನ್ನೇ ಕೇಳಿದೆ.

‘ಒಬ್ಬರೇ ಒಂದೇ ಹೊತ್ತಿಗೆ ಎರಡು ಸಲ ಹಾಲು ಹಾಕ್ತಾರಾ ಸಾರ್?’

‘ಹಸು ಹಾಲು ಬೇರೆ, ಎಮ್ಮೆ ಹಾಲು ಬೇರೆ ಬರೀತೀವಿ. ಒಂದೇ ಹಾಲಾದ್ರೆ ಒಟ್ಟಿಗೆ ಸುರಿದೇ ಅಳೆಯೋದು.’

ಎಮ್ಮೆ ಹಾಲಲ್ಲಿ ಫ್ಯಾಟ್ ಜಾಸ್ತಿ, ದರವೂ ಬೇರೆ. ಹಾಗಾಗಿ ಹಾಲಿನ ಬಗೆಯೂ ಕೀಗೆ ಸೇರಿತು. ಅಲ್ಲಿಗೆ ಐದು ಕಾಲಂ. ಲೀಟರು, ಫ್ಯಾಟ್ ಸೇರಿಸಲಿಲ್ಲ. ಕೀಯಲ್ಲಿ ಹೆಚ್ಚುವರಿ ಕಾಲಂ ಇರಬಾರದು ಎಂಬ ಮಾತು, ಟೇಬಲ್ಲುಗಳ ಡೇಟಾಬೇಸ್ ಮಾದರಿ ಕೊಟ್ಟ ಇ. ಎಫ್. ಕಾಡ್ ಅವರ 1970ರ ಲೇಖನದಲ್ಲೇ ಇದೆ.

ರಿಪೋರ್ಟಿಗೆ ಸುಲಭ, ಸದಸ್ಯರ ಹೆಸರನ್ನೂ ಇಲ್ಲೇ ಹಾಕಿ ಎಂದು ಜೊತೆಯವರು ಹೇಳಿದರು. ನಾನು ಒಪ್ಪಲಿಲ್ಲ. ಹೆಸರು ತಿಳಿಯಲು ಸಂಘ, ನಂಬರ್ ಸಾಕು. ದಿನಾಂಕ, ಹೊತ್ತು ಯಾಕೆ ಬೇಕು? ಕೀಯ ಒಂದು ತುಂಡಿಗೆ ಮಾತ್ರ ಸೇರಿದ ವಿವರ ಬೇರೆ ಟೇಬಲ್ಲಿನಲ್ಲಿರಬೇಕು. ಟೇಬಲ್ ವಿನ್ಯಾಸದ ನಿಯಮಗಳಲ್ಲೊಂದಾದ ಎರಡನೇ ನಾರ್ಮಲ್ ಫಾರ್ಮ್ ಕೇಳುವುದೂ ಇದನ್ನೇ.

ಆಮೇಲೆ ತಿದ್ದುಪಡಿಗಳಿಗೆ ಇನ್ನೊಂದು ಟೇಬಲ್ ಬೇಕಾಯಿತು. ಅದರಿಂದ ಹಾಲಿನ ಸಾಲಿಗೆ ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಸಾಲನ್ನು ತೋರಿಸುವ ಕೊಂಡಿ) ಕೊಡಲು ಐದೂ ಕಾಲಂ ಅಲ್ಲಿಗೂ ತರಬೇಕು. ಅದಕ್ಕೇ ಹಾಲಿನ ಟೇಬಲ್ಲಿಗೆ ತಾನೇ ಏರುವ ಒಂದು ಐಡಿ ಕೊಟ್ಟು, ಅದನ್ನು ಪ್ರೈಮರಿ ಕೀ ಮಾಡಿದೆ. ನಾನು ಬಳಸಿದ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್. ಅದರಲ್ಲಿ ಡೇಟಾ ಇಡುವ ಭಾಗವಾದ ಇನ್ನೋಡಿಬಿಯಲ್ಲಿ ಉಳಿದ ಪ್ರತಿ ಇಂಡೆಕ್ಸಿನೊಳಗೂ (ಬೇಗ ಹುಡುಕಲು ಇಡುವ ಪಟ್ಟಿ) ಪ್ರೈಮರಿ ಕೀ ಕೂರುತ್ತದೆ, ಆದ್ದರಿಂದ ಅದು ಚಿಕ್ಕದಿದ್ದಷ್ಟೂ ಒಳ್ಳೆಯದು.

ಹಾಗಂತ ಆ ಐದು ಕಾಲಂ ಕೈಬಿಡುವಂತಿಲ್ಲ. ಬರೀ ಐಡಿ ಇದ್ದರೆ ಒಂದೇ ಹಾಲನ್ನು ಎರಡು ಸಲ ಎಂಟ್ರಿ ಮಾಡಿದರೂ ಡೇಟಾಬೇಸ್ ಸುಮ್ನೆ ಒಪ್ಪಿಕೊಳ್ಳುತ್ತದೆ, ಬಟವಾಡೆಯಲ್ಲಿ ದುಡ್ಡೂ ಎರಡು ಸಲ ಹೋಗುತ್ತದೆ. ಅದಕ್ಕೇ ಐದೂ ಕಾಲಂ ಸೇರಿಸಿ ಯುನೀಕ್, ಅಂದರೆ ಅದೇ ಜೋಡಣೆ ಎರಡನೇ ಸಲ ಬರಬಾರದು ಎಂಬ ನಿಯಮ ಹಾಕಿದೆ. ಯುನೀಕ್ ಇದ್ದರೂ ನಲ್, ಅಂದರೆ ಖಾಲಿ ಬಿಟ್ಟದ್ದು ನುಸುಳಬಹುದು, ಅದಕ್ಕೆ ಪ್ರತಿ ಕಾಲಂಗೂ ಖಾಲಿ ಬಿಡುವಂತಿಲ್ಲ ಎನ್ನುವ ನಾಟ್ ನಲ್ ಕೂಡ ಬರೆದೆ.

ಯುನೀಕ್ ಹಾಕುವಾಗ ಕಾಲಂಗಳನ್ನು ಯಾವ ಕ್ರಮದಲ್ಲಿ ಬರೆಯುತ್ತೇವೆ ಎಂಬುದೂ ಮುಖ್ಯ. ಅದೂ ಒಂದು ಇಂಡೆಕ್ಸೇ, ಹುಡುಕಾಟ ಮೊದಲ ಕಾಲಂನಿಂದ ಶುರು. ಈ ಹೊತ್ತು ಯಾರ್‍ಯಾರ ಹಾಲು ಬಂತು ಎಂದು ಸೆಕ್ರೆಟರಿ ದಿನಾ ನೋಡುತ್ತಾರೆ. ಅದಕ್ಕೆ ಸಂಘ, ದಿನಾಂಕ, ಹೊತ್ತು ಮೊದಲು, ಸದಸ್ಯರ ನಂಬರ್ ಮತ್ತು ಹಾಲಿನ ಬಗೆ ಆಮೇಲೆ. ಒಬ್ಬರದೇ ಬಟವಾಡೆ ಲೆಕ್ಕ ತೆಗೆಯಲು ಈ ಕ್ರಮ ಅಷ್ಟು ಒಗ್ಗುವುದಿಲ್ಲ. ಸಂಘ, ನಂಬರ್, ದಿನಾಂಕದ ಮೇಲೆ ಬೇರೆ ಇಂಡೆಕ್ಸ್ ಹಾಕಿದೆ.