ಪ್ಲೂರಲ್ ದ್ರವದ ಸ್ಲೈಡ್ ಓದುವುದು ಹೇಗೆ?

ಶ್ವಾಸಕೋಶದ ಸುತ್ತ ನೀರು ತುಂಬಿದಾಗ ಸೂಜಿಯಿಂದ ಹೊರತೆಗೆದ ದ್ರವದ ಒಂದು ಪಾಲು ಸೂಕ್ಷ್ಮದರ್ಶಕದಡಿಗೆ ಬರುತ್ತದೆ. ಕ್ಷಯವೋ, ನ್ಯುಮೋನಿಯಾವೋ, ಕ್ಯಾನ್ಸರೋ ಎಂಬ ಸುಳಿವು ಅದರಲ್ಲಿರುವ ಕೋಶಗಳಲ್ಲಿ ಸಿಗುತ್ತದೆ. ಓದುವವರನ್ನು ಹೆಚ್ಚಾಗಿ ದಾರಿ ತಪ್ಪಿಸುವುದು ಶ್ವಾಸಕೋಶವನ್ನು ಸುತ್ತುವರಿದ ಪ್ಲೂರಾ ಎಂಬ ಪೊರೆಯಿಂದಲೇ ಉದುರಿದ ಮೀಸೋಥೀಲಿಯಲ್ ಕೋಶ. ಆದ್ದರಿಂದ ಹೆಚ್ಚಿನ ಗಮನ ಅದಕ್ಕೇ ಸಲ್ಲಬೇಕು.

ಮೊದಲು ಮಾದರಿ

ಕೋಶಗಳ ಎಣಿಕೆಗೆ ಇಡಿಟಿಎ (ಹೆಪ್ಪುಗಟ್ಟುವುದನ್ನು ತಡೆಯುವ ರಾಸಾಯನಿಕ) ಇರುವ ಟ್ಯೂಬು ಬೇಕು. ದ್ರವ ಹೆಪ್ಪುಗಟ್ಟಿದರೆ ಕೋಶಗಳು ಹೆಪ್ಪಿನೊಳಗೆ ಸಿಕ್ಕಿಕೊಂಡು ಎಣಿಕೆ ಕಡಿಮೆ ಬರುತ್ತದೆ. ಕ್ಯಾನ್ಸರ್ ಕೋಶ ಹುಡುಕುವುದಾದರೆ ಕನಿಷ್ಠ 50 ಮಿ.ಲೀ. ಕಳುಹಿಸಿ. ಪ್ರಯೋಗಾಲಯ ತಲುಪುವುದು ತಡವಾಗುವಂತಿದ್ದರೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ, ಆದರೆ ಮಂಜುಗಡ್ಡೆಯಾಗುವಷ್ಟು ತಣಿಸಬೇಡಿ. ಬಾಟಲಿಯ ತಳದಲ್ಲಿ ಕೋಶಗಳು ಕೂತಿರುತ್ತವೆ, ಹಾಗಾಗಿ ಬಗ್ಗಿಸುವ ಮುನ್ನ ಮೆಲ್ಲಗೆ ತಿರುವಿ ಬೆರೆಸಿ.

ಲೇಪ

ಸೆಂಟ್ರಿಫ್ಯೂಜಿನಲ್ಲಿ ನಿಮಿಷಕ್ಕೆ 1500ರಿಂದ 2000 ಸುತ್ತಿನಂತೆ 5ರಿಂದ 10 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ಚೆಲ್ಲಿ, ಗಸಿಯಿಂದ ಎರಡು ಬಗೆಯ ಲೇಪ ಮಾಡಿ. ಗಾಳಿಯಲ್ಲಿ ಒಣಗಿಸಿದ್ದು ಜೀಮ್ಸಾ ಬಣ್ಣಕ್ಕೆ. ಇನ್ನೊಂದನ್ನು ಹಸಿಯಾಗಿರುವಾಗಲೇ ಶೇ 95ರ ಆಲ್ಕೋಹಾಲಿಗೆ ಮುಳುಗಿಸಿ, ಅದು ಪಾಪನಿಕೊಲಾವ್ ಬಣ್ಣಕ್ಕೆ. ಈ ಎರಡನೆಯದು ಮುಳುಗುವ ಮುನ್ನ ಒಣಗಿದರೆ ನ್ಯೂಕ್ಲಿಯಸ್ ಉಬ್ಬಿ, ಒಳಗಿನ ವಿವರ ಮಸುಕಾಗುತ್ತದೆ. ಸ್ಲೈಡ್ ಹಾಳಾಗಲು ಇದು ಸಾಮಾನ್ಯ ಕಾರಣ. ಉಳಿದ ಗಸಿಯನ್ನು ಎಸೆಯದೆ ಫಾರ್ಮಲಿನ್‌ನಲ್ಲಿಟ್ಟು ಸೆಲ್ ಬ್ಲಾಕ್ (ಮೇಣದಲ್ಲಿ ಹುದುಗಿಸಿ ತೆಳುವಾಗಿ ಕತ್ತರಿಸುವ ಗಟ್ಟಿ) ಮಾಡಿಸಿ. ಮುಂದಿನ ವಿಶೇಷ ಬಣ್ಣಗಳಿಗೆಲ್ಲ ಅದೇ ಆಧಾರ.

ಯಾವ ಕೋಶ ಹೆಚ್ಚು?

ಮೊದಲು ಕಡಿಮೆ ವರ್ಧನೆಯಲ್ಲಿ ಇಡೀ ಸ್ಲೈಡ್ ನೋಡಿ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೇ ಹೆಚ್ಚಿದ್ದರೆ ಹೊಸದಾಗಿ ಶುರುವಾದ ಉರಿಯೂತ, ಅದರಲ್ಲೂ ನ್ಯುಮೋನಿಯಾ ಜೊತೆಗಿನ ದ್ರವ. ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಅರ್ಧಕ್ಕಿಂತ ಹೆಚ್ಚಿದ್ದರೆ ಕ್ಷಯ, ಕ್ಯಾನ್ಸರ್, ಲಿಂಫೋಮಾ (ಲಿಂಫೋಸೈಟ್‌ಗಳದೇ ಕ್ಯಾನ್ಸರ್) ಮೂರನ್ನೂ ಯೋಚಿಸಬೇಕು. ಲಿಂಫೋಸೈಟ್ ತುಂಬಿದ್ದು, ಮೀಸೋಥೀಲಿಯಲ್ ಕೋಶ ಶೇ 5ಕ್ಕಿಂತ ಕಡಿಮೆಯಿದ್ದು, ದ್ರವದಲ್ಲಿ ಅಳೆಯುವ ಎಡಿಎ ಎಂಬ ಕಿಣ್ವ ಲೀಟರಿಗೆ 40 ಯೂನಿಟ್ ಮೀರಿದ್ದರೆ ಕ್ಷಯದ ಕಡೆಗೆ ತಕ್ಕಡಿ ವಾಲುತ್ತದೆ. ಆದರೆ ಕ್ಷಯದ ಆರಂಭದ ದಿನಗಳಲ್ಲಿ ನ್ಯೂಟ್ರೋಫಿಲ್ ಮೇಲುಗೈ ಸಾಧಿಸಿರಬಹುದು. ಎಚ್‌ಐವಿ ಇರುವವರಲ್ಲಿ ಕ್ಷಯವಿದ್ದೂ ಮೀಸೋಥೀಲಿಯಲ್ ಕೋಶ ಸಾಕಷ್ಟು ಕಾಣಬಹುದು. ಒಂದೇ ರೂಪದ ಲಿಂಫೋಸೈಟ್‌ಗಳು ತುಂಬಿದ್ದರೆ ಲಿಂಫೋಮಾ ಅನುಮಾನಿಸಿ ಫ್ಲೋ ಸೈಟೋಮೆಟ್ರಿಗೆ (ಕೋಶಗಳ ಗುರುತನ್ನು ಲೇಸರ್ ಬೆಳಕಿನಿಂದ ಓದುವ ಪರೀಕ್ಷೆ) ಬರೆಯಿರಿ. ಅದಕ್ಕೆ ಫಾರ್ಮಲಿನ್ ಸೋಕದ ತಾಜಾ ದ್ರವವೇ ಬೇಕು. ಇಯೋಸಿನೋಫಿಲ್ (ಇನ್ನೊಂದು ಬಗೆಯ ಬಿಳಿ ರಕ್ತಕಣ) ಶೇ 10 ದಾಟಿದರೆ, ಹಿಂದೆ ಸೂಜಿ ಹಾಕಿದಾಗ ಗಾಳಿಯೋ ರಕ್ತವೋ ಒಳಸೇರಿತ್ತೇ ಎಂದು ಮೊದಲು ವಿಚಾರಿಸಿ. ಔಷಧ, ಪರಾವಲಂಬಿ ಜೀವಿ ನಂತರದ ಪ್ರಶ್ನೆಗಳು. ಇಯೋಸಿನೋಫಿಲ್ ಇದೆ ಎಂದು ಕ್ಯಾನ್ಸರನ್ನು ಕೈಬಿಡಬಾರದು.

ಕೆರಳಿದ ಕೋಶವೋ, ಕ್ಯಾನ್ಸರೋ?

ಉರಿಯೂತದಿಂದ ಕೆರಳಿದ ಮೀಸೋಥೀಲಿಯಲ್ ಕೋಶ ದೊಡ್ಡದಾಗುತ್ತದೆ, ಎರಡು ನ್ಯೂಕ್ಲಿಯಸ್ ಹೊಂದಬಹುದು, ನ್ಯೂಕ್ಲಿಯಸ್ ಒಳಗಿನ ಚುಕ್ಕೆಯಾದ ನ್ಯೂಕ್ಲಿಯೋಲಸ್ ಎದ್ದು ಕಾಣುತ್ತದೆ, ವಿಭಜನೆಯನ್ನೂ ಹೊಂದುತ್ತಿರುತ್ತದೆ. ಇವಿಷ್ಟನ್ನೇ ನೋಡಿ ಕ್ಯಾನ್ಸರ್ ಎಂದು ಬರೆದರೆ ರೋಗಿಗೆ ದೊಡ್ಡ ಅನ್ಯಾಯವಾದೀತು. ಒಂದೊಂದೇ ಕೋಶದ ವಿಕಾರಕ್ಕಿಂತ ಇಡೀ ಗುಂಪಿನ ಹೋಲಿಕೆ ಮುಖ್ಯ. ಮೀಸೋಥೀಲಿಯಲ್ ಕೋಶಗಳಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಒಂದೇ ಮನೆತನದ ಚಹರೆ ಇರುತ್ತದೆ. ಅಕ್ಕಪಕ್ಕದ ಎರಡು ಕೋಶಗಳ ನಡುವೆ ಕಿಟಕಿಯಂಥ ತೆಳು ಸಂದು ಕಾಣುತ್ತದೆ, ಕೋಶದ್ರವ ನಡುವೆ ದಟ್ಟವಾಗಿ ಅಂಚಿನಲ್ಲಿ ತಿಳಿಯಾಗಿರುತ್ತದೆ. ಗ್ರಂಥಿಕೋಶದ ಕ್ಯಾನ್ಸರಾದ ಅಡಿನೊಕಾರ್ಸಿನೋಮಾ ಇದ್ದರೆ ಈ ಚಹರೆಗೆ ಸೇರದ ಬೇರೊಂದು ಬಳಗ ಕಣ್ಣಿಗೆ ಬೀಳುತ್ತದೆ: ನುಣುಪಾದ ಅಂಚಿನ ಉಂಡೆಗಳು, ಒಂದು ಬದಿಗೆ ಸರಿದ ನ್ಯೂಕ್ಲಿಯಸ್, ಲೋಳೆ ತುಂಬಿದ ಕುಳಿ. ಕುಳಿಯನ್ನು ಕಸ ನುಂಗುವ ಮ್ಯಾಕ್ರೋಫೇಜ್ ಕೋಶ ಕೂಡ ತೋರಿಸುತ್ತದೆ, ಆದರೆ ಅದರ ನ್ಯೂಕ್ಲಿಯಸ್ ಹುರುಳಿಕಾಳಿನಂತೆ ಬಾಗಿ, ಸೌಮ್ಯವಾಗಿರುತ್ತದೆ.

ಅನುಮಾನ ಉಳಿದರೆ ಸೆಲ್ ಬ್ಲಾಕ್ ಮೇಲೆ ಎರಡೂ ಕಡೆಯ ಗುರುತುಗಳನ್ನು (ಕೋಶದ ಬಗೆಯನ್ನು ತೋರಿಸುವ ಪ್ರೋಟೀನ್‌ಗಳಿಗೆ ಹಾಕುವ ವಿಶೇಷ ಬಣ್ಣ) ಹಾಕಿಸಿ. ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ-1 ಮೀಸೋಥೀಲಿಯಲ್ ಕಡೆ. ಕ್ಲಾಡಿನ್-4, ಎಂಒಸಿ-31 ಕಾರ್ಸಿನೋಮಾ ಕಡೆ. ಮೂಲ ಶ್ವಾಸಕೋಶವೇ ಎಂದು ತಿಳಿಯಲು ಟಿಟಿಎಫ್-1 ನೆರವಾಗುತ್ತದೆ. ಕ್ಯಾಲ್‌ರೆಟಿನಿನ್ ಕೆರಳಿದ ಕೋಶದಲ್ಲೂ ಮೀಸೋಥೀಲಿಯಲ್ ಕೋಶದ್ದೇ ಕ್ಯಾನ್ಸರಾದ ಮೀಸೋಥೀಲಿಯೋಮಾದಲ್ಲೂ ಬರುತ್ತದೆ, ಅವೆರಡನ್ನು ಅದು ಬೇರ್ಪಡಿಸದು. ಅಲ್ಲಿ ಬಿಎಪಿ-1 ನೋಡಬೇಕು: ನ್ಯೂಕ್ಲಿಯಸ್‌ನಲ್ಲಿ ಅದು ಮಾಯವಾಗಿದ್ದರೆ ಮೀಸೋಥೀಲಿಯೋಮಾದ ಪರ, ಉಳಿದಿದ್ದರೆ ಏನೂ ತೀರ್ಮಾನವಾಗದು.

ವರದಿಯಲ್ಲಿ ಮಾದರಿಯ ಪ್ರಮಾಣವನ್ನು ತಪ್ಪದೆ ಬರೆಯಿರಿ. 5 ಮಿ.ಲೀ.ನಲ್ಲಿ ಕ್ಯಾನ್ಸರ್ ಕಾಣಲಿಲ್ಲ ಎಂಬ ಮಾತಿಗೆ ತೂಕ ಕಡಿಮೆ. ಮೊದಲ ಮಾದರಿಯಲ್ಲಿ ಸಿಗದ್ದು ಎರಡನೆಯದರಲ್ಲಿ ಸಿಗುವುದುಂಟು, ಅದರಾಚೆ ಮತ್ತೆ ಮತ್ತೆ ನೀರು ತೆಗೆಯುವುದರಿಂದ ಲಾಭ ಅಲ್ಪ. ಅನುಮಾನ ಬಲವಾಗಿದ್ದರೆ ಪ್ಲೂರಾದ ಬಯಾಪ್ಸಿ ಮಾಡಿಸಬೇಕು.