ಮೂರು ಬಟ್ಟಲು, ಒಂದು ಹಿಡಿ ತೊಗರಿ: ಮಾಡ್ಯುಲರ್ ರೆಪ್ರೆಸೆಂಟೇಶನ್ ಕೈಯಾರೆ ಮಾಡಿ ನೋಡಿ

ಮೂರು ಬಟ್ಟಲು, ಒಂದು ಹಿಡಿ ತೊಗರಿ ಕಾಳು. ನಮ್ಮ ಕಲಬುರಗಿಯಲ್ಲಿ ಇವು ಇಲ್ಲದ ಮನೆ ಯಾವುದು? ಎಂ.ಎಸ್ಸಿ. ಗಣಿತದವರನ್ನೂ ಕಾಡುವ ಮಾಡ್ಯುಲರ್ ರೆಪ್ರೆಸೆಂಟೇಶನ್ ಥಿಯರಿಯ ಮೊದಲ ಪಾಠಕ್ಕೆ ಇಷ್ಟು ಸಾಕು. ಜಾಗ ಬದಲಿಸುವಂಥ ಕ್ರಿಯೆಗಳು, ಮೂರು ಅಂದರೂ ಸೊನ್ನೆಯೇ ಆಗುವಂಥ ಲೆಕ್ಕದಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವ ಗಣಿತ ಇದು. ಪಾಠ ಹೇಳುವಾಗ ನಾನು ಬೋರ್ಡಿಗಿಂತ ಈ ಬಟ್ಟಲುಗಳನ್ನೇ ಜಾಸ್ತಿ ನಂಬುತ್ತೇನೆ.

ಬಟ್ಟಲುಗಳನ್ನು ಸಾಲಾಗಿ ಇಡಿ. ಅವುಗಳ ಜಾಗ ಬದಲಿಸಲು ಒಟ್ಟು 6 ದಾರಿ. ಇದ್ದಲ್ಲೇ ಬಿಡುವುದು ಒಂದು. ಯಾವುದಾದರೂ ಎರಡನ್ನು ಅದಲುಬದಲು ಮಾಡುವುದು ಮೂರು. ಮೂರನ್ನೂ ಒಂದೊಂದು ಜಾಗ ಸುತ್ತಿಸುವುದು ಎರಡು, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಒಂದರ ಹಿಂದೆ ಒಂದು ಮಾಡಿದರೂ ಈ ಆರರಲ್ಲೇ ಒಂದು ಬರುತ್ತದೆ. ಇದೇ ನಮ್ಮ ಗ್ರೂಪ್.

ಈಗ ಎಣಿಕೆಯ ನಿಯಮ. ಒಂದು ಬಟ್ಟಲಲ್ಲಿ ಮೂರು ಕಾಳು ಸೇರಿದ ಕೂಡಲೇ ಆ ಮೂರನ್ನೂ ತೆಗೆದುಬಿಡಿ. ಹಾಗಾಗಿ 0, 1 ಅಥವಾ 2 ಮಾತ್ರ ಉಳಿಯುತ್ತದೆ. 1ಕ್ಕೆ 2 ಕೂಡಿದರೆ 0. ಇಲ್ಲಿ 2 ಅಂದರೂ ಒಂದೇ, ಮೈನಸ್ 1 ಅಂದರೂ ಒಂದೇ. ಮೂರು ಬಟ್ಟಲಿಗೆ ಒಟ್ಟು 27 ಜೋಡಣೆ.

ಬಟ್ಟಲು ಹೇಗೆ ಸರಿಸಿದರೂ, ಒಂದಕ್ಕೊಂದು ಕೂಡಿದರೂ ಹೊರಗೆ ಹೋಗದ ಕೋಣೆಗಳನ್ನು ಈ 27ರಲ್ಲಿ ಹುಡುಕಬೇಕು. ಒಂದು ಕಣ್ಣಿಗೇ ಕಾಣುತ್ತದೆ: 0-0-0, 1-1-1, 2-2-2. ಇದು ಸಮದ ಕೋಣೆ. ಮೂರನ್ನೂ ಕೂಡಿದರೆ ಸೊನ್ನೆ ಬರುವ 9 ಜೋಡಣೆಗಳದ್ದು ಇನ್ನೊಂದು. ಅದು ಸೊನ್ನೆಯ ಕೋಣೆ.

ಮಾಮೂಲಿ ಲೆಕ್ಕದಲ್ಲಿ ಇವೆರಡೂ ಅಕ್ಕಪಕ್ಕದ ಕೋಣೆಗಳು. 5-2-2 ಇದ್ದರೆ ಸರಾಸರಿ 3. ಆ 3-3-3 ಪಕ್ಕಕ್ಕಿಡಿ. ಉಳಿದದ್ದು 2, ಮೈನಸ್ 1, ಮೈನಸ್ 1. ಕೂಡಿದರೆ ಸೊನ್ನೆ. ಎಂಥ ಜೋಡಣೆಯೂ ಹೀಗೆ ಚೊಕ್ಕವಾಗಿ ಎರಡಾಗುತ್ತದೆ. ಗ್ರೂಪಿನಲ್ಲಿ ಎಷ್ಟು ಅಂಶಗಳಿವೆಯೋ ಆ ಸಂಖ್ಯೆಯಿಂದ ಭಾಗಿಸಲು ಬಂದರೆ ಸಾಕು, ಕೋಣೆಗಳು ಹೀಗೆ ಬೇರೆಯಾಗುತ್ತವೆ ಎನ್ನುವುದು ಮಾಷ್ಕೆ ಪ್ರಮೇಯ. ನಮ್ಮದು 6, ಅಂದರೆ 2 × 3. ಹಾಗಾಗಿ ತೊಂದರೆ ಬರುವುದು ಎರಡರ ಅಥವಾ ಮೂರರ ನಿಯಮದಲ್ಲಿ ಮಾತ್ರ. ಐದರ ನಿಯಮ ಹಾಕಿದರೆ ಏನೂ ತೊಂದರೆ ಇಲ್ಲ. ನಾವು ಹಾಕಿದ್ದು ಮೂರರ ನಿಯಮ.

“ಸರಾಸರಿ ತೆಗದ್ರ ಆತಲ್ರೀ ಸರ್” ಎಂದಳು ಸೇಡಂ ಕಡೆಯ ಒಬ್ಬ ವಿದ್ಯಾರ್ಥಿನಿ. ಅದಕ್ಕೆ ಮೂರರಿಂದ ಭಾಗಿಸಬೇಕು. ಇಲ್ಲಿ ಮೂರು ಅಂದರೆ ಸೊನ್ನೆ, ಅಲ್ವಾ? ಕಾಳು ಹಿಡಿದ ಆಕೆಯ ಕೈ ಬಟ್ಟಲ ಮೇಲೆ ಹಾಗೇ ನಿಂತಿತು. ಪುಸ್ತಕದಲ್ಲಿ ಇದು ಒಂದೇ ಸಾಲು. ಸುಮ್ನೆ ಓದಿ ಮುಂದೆ ಹೋಗುತ್ತೇವೆ. ದಯವಿಟ್ಟು ಹೋಗಬೇಡಿ, ವಿಷಯ ಶುರುವಾಗುವುದೇ ಇಲ್ಲಿ.

1-1-1 ಕೂಡಿ ನೋಡಿ. ಮೂರು, ಅಂದರೆ ಸೊನ್ನೆ. ಸಮದ ಕೋಣೆ ಸೊನ್ನೆಯ ಕೋಣೆಯ ಒಳಗೇ ಇದೆ! ಅದನ್ನು ಬಿಟ್ಟು ಬೇರೆ ಕೋಣೆ ಕಟ್ಟಲು ಬರುತ್ತದಾ? 1-0-0 ಇಟ್ಟು ಶುರು ಮಾಡಿ. ಮೊದಲೆರಡನ್ನು ಅದಲುಬದಲು ಮಾಡಿದರೆ 0-1-0. ಮೊದಲಿನದರಲ್ಲಿ ಇದನ್ನು ಕಳೆದರೆ 1, ಮೈನಸ್ 1, 0. ಅಂದರೆ 1-2-0. ಇದರ ಮೊದಲ ಮತ್ತು ಕೊನೆಯ ಬಟ್ಟಲು ಬದಲಿಸಿ, 0-2-1 ಆಯಿತು. ಈ ಎರಡನ್ನೂ ಕೂಡಿ: 1-4-1. ನಾಲ್ಕರಲ್ಲಿ ಮೂರು ತೆಗೆದರೆ 1-1-1. ಪೂರ್ತಿ ಖಾಲಿ ಅಲ್ಲದ ಯಾವ ಜೋಡಣೆಯಿಂದ ಹೊರಟರೂ ಕೊನೆಗೆ ಬಂದು ಸೇರುವುದು ಇಲ್ಲಿಗೇ. ಈ ಲೆಕ್ಕ ಎಷ್ಟು ಸಲ ಮಾಡಿದರೂ ನನಗೆ ಖುಷಿ ಕಡಿಮೆಯಾಗಿಲ್ಲ.

ಹಾಗಾಗಿ 3, 9, 27 ಒಂದರೊಳಗೊಂದು ಇಟ್ಟ ಡಬ್ಬಿಗಳು. ಒಂದೊಂದು ಪದರು ನೋಡುವಾಗ ಅದರ ಒಳಗಿನ ಡಬ್ಬಿಯಲ್ಲಿರುವುದನ್ನೆಲ್ಲ ಸೊನ್ನೆ ಎಂದೇ ಎಣಿಸಿ. ಒಳಗಿನ ಪದರು ಬಟ್ಟಲು ಸರಿಸಿದರೂ ಬದಲಾಗುವುದಿಲ್ಲ. ನಡುವಿನ ಪದರು ಬೇರೆ ಥರ. 1-2-0ರ ಮೊದಲೆರಡು ಬಟ್ಟಲು ಬದಲಿಸಿದರೆ 2-1-0, ಎರಡನ್ನೂ ಕೂಡಿದರೆ ಸೊನ್ನೆ. ಅಂದರೆ ಅದಲುಬದಲು ಮಾಡಿದಾಗ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ಹೊರಗಿನ ಪದರು ಮತ್ತೆ ಬದಲಾಗುವುದಿಲ್ಲ, ಬಟ್ಟಲು ಎಲ್ಲಿಟ್ಟರೂ ಒಟ್ಟು ಕಾಳು ಅಷ್ಟೇ ತಾನೇ.

ಹೀಗೆ ಸಿಕ್ಕ ಮೂಲ ತುಣುಕು ಎರಡು: ಬದಲಾಗದ್ದು, ಮೈನಸ್ ಆಗುವಂಥದ್ದು. ಮೂರನೆಯದು ಎಲ್ಲಾದರೂ ಇದೆಯಾ? ಇದಕ್ಕೆ ಉತ್ತರ ಕೊಟ್ಟವರು ರಿಚರ್ಡ್ ಬ್ರೌವರ್. ಯಹೂದಿ ಎಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡು ಅಮೆರಿಕಕ್ಕೆ ಹೋದವರು. 1935ರಲ್ಲಿ ಅವರು ಕೊಟ್ಟ ದಾರಿ ಹೀಗಿದೆ. ಆರು ದಾರಿಗಳನ್ನು ಬಗೆಬಗೆಯಾಗಿ ವಿಂಗಡಿಸಿ: ಇದ್ದಲ್ಲೇ ಬಿಡುವುದು, ಅದಲುಬದಲು, ಸುತ್ತಿಸುವುದು. ಎಷ್ಟು ಸಲಕ್ಕೆ ಮೊದಲಿನಂತಾಗುತ್ತದೆ ನೋಡಿ. ಒಂದು, ಎರಡು, ಮೂರು. ಮೂರರಿಂದ ಭಾಗವಾಗುವ ಬಗೆಯನ್ನು ಕೈಬಿಡಿ. ಎರಡು ಬಗೆ ಉಳಿದವು, ಹಾಗಾಗಿ ತುಣುಕುಗಳೂ ಎರಡೇ.

ಈಗ ಎರಡರ ನಿಯಮ ಹಾಕಿ, ಎರಡು ಕಾಳು ಸೇರಿದರೆ ತೆಗೆಯಿರಿ. ಮೂರು ಬಟ್ಟಲಲ್ಲಿ 1-1-1 ಕೂಡಿದರೆ 1, ಸೊನ್ನೆಯ ಕೋಣೆಯಿಂದ ಹೊರಗೇ ಉಳಿಯಿತು. ಇಲ್ಲಿ ತೊಂದರೆ ಇಲ್ಲ ಅನಿಸುತ್ತದೆ. ಒಂದು ಬಟ್ಟಲು ಎತ್ತಿಟ್ಟು, ಉಳಿದ ಎರಡರಲ್ಲೇ 1-1 ಕೂಡಿ ನೋಡಿ.